ಅಚ್ಚಿನ ಆಯುಷ್ಯ

ಜಪಾನಿನ ಚೀಬಾ ನಗರದ ಮಕುಹಾರಿ ಮೆಸ್ಸೆ ಎಂಬ ಪ್ರದರ್ಶನ ಭವನದಲ್ಲಿ ವರ್ಷಕ್ಕೆ ಎರಡು ಸಲ, ಚಳಿಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ, ಒಂದೇ ದಿನದ ಸಂತೆಯೊಂದು ನೆರೆಯುತ್ತದೆ. ಅದರ ಹೆಸರು ವಂಡರ್ ಫೆಸ್ಟಿವಲ್. ದೊಡ್ಡ ಕಂಪನಿಗಳ ದೀಪಾಲಂಕೃತ ಮಳಿಗೆಗಳನ್ನು ದಾಟಿ ಒಳಗೆ ಹೋದರೆ ಸಾಲು ಸಾಲಾಗಿ ಸಾಮಾನ್ಯ ಮೇಜುಗಳು. ಒಂದೊಂದು ಮೇಜಿನ ಹಿಂದೆ ಒಬ್ಬರೋ ಇಬ್ಬರೋ ನಿದ್ದೆಗೆಟ್ಟ ಕಣ್ಣಿನ ಜನ. ಮೇಜಿನ ಮೇಲೆ ಜೋಡಿಸಿ ಬಣ್ಣ ಬಳಿದ ಒಂದೇ ಒಂದು ಮಾದರಿ: ಎಂದೂ ಹುಟ್ಟದ ಗ್ರಹವೊಂದರ ಮೇಲೆ ನಡೆಯಬೇಕಾದ ಎರಡು ಕಾಲಿನ ಯಂತ್ರ, ಇಲ್ಲವೇ ಹೊಗೆಗಪ್ಪು ಹಿಡಿದ ಒಂದು ಬಾಹ್ಯಾಕಾಶ ದೋಣಿ. ಅದರ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಗಳು. ಪೆಟ್ಟಿಗೆಯೊಳಗೆ ಕೆನೆಬಣ್ಣದ ಬಿಡಿಭಾಗಗಳ ಒಂದು ಚೀಲ, ಜೋಡಿಸುವ ಕ್ರಮ ಬರೆದ ಒಂದು ಹಾಳೆ. ಪೆಟ್ಟಿಗೆಗಳು ಎಷ್ಟು ಎಂದು ಎಣಿಸಿದರೆ ಇಪ್ಪತ್ತು, ಹೆಚ್ಚೆಂದರೆ ಮೂವತ್ತು. ಮಧ್ಯಾಹ್ನಕ್ಕೆ ಮುಂಚೆ ಅವು ಖಾಲಿಯಾದರೆ ‘ಮುಗಿಯಿತು’ ಎಂಬ ಕೈಬರಹದ ಚೀಟಿಯೊಂದು ಮೇಜಿನ ಮೇಲೇರುತ್ತದೆ. ಮತ್ತೆ ಮಾಡುವಿರಾ ಎಂದು ತಡವಾಗಿ ಬಂದವರು ಕೇಳಿದರೆ ಮೇಜಿನ ಹಿಂದಿನ ಮನುಷ್ಯ ಸಂಕೋಚದಿಂದ ತಲೆಯಾಡಿಸುತ್ತಾನೆ. ಬೇಡಿಕೆಯಿದ್ದೂ ಮಾಡದಿರುವುದು ಹೊರಗಿನವರಿಗೆ ಜಂಭವಾಗಿ ತೋರಬಹುದು. ಬೆಲೆ ಏರಿಸುವ ಉಪಾಯವಾಗಿಯೂ ತೋರಬಹುದು. ಆದರೆ ಮೂವತ್ತೆಂಬ ಆ ಸಂಖ್ಯೆಯನ್ನು ಗೊತ್ತುಮಾಡಿದ್ದು ಮಾರುವವನಲ್ಲ. ಅವನ ಮನೆಯ ಮೂಲೆಯಲ್ಲಿ ಬಿದ್ದಿರುವ, ಈಗಾಗಲೇ ಅಂಚು ಹರಿದಿರುವ ಒಂದು ರಬ್ಬರಿನ ಗಟ್ಟಿ.

ಅಂಗಡಿಗಳಲ್ಲಿ ದೊರೆಯುವ ಪ್ಲಾಸ್ಟಿಕ್ ಮಾದರಿಗಳು ಉಕ್ಕಿನ ಅಚ್ಚಿನಲ್ಲಿ ಹುಟ್ಟುತ್ತವೆ. ಕರಗಿದ ಪ್ಲಾಸ್ಟಿಕ್ಕನ್ನು ಭಾರಿ ಒತ್ತಡದಲ್ಲಿ ಆ ಅಚ್ಚಿನೊಳಗೆ ನುಗ್ಗಿಸುತ್ತಾರೆ. ಉಕ್ಕಿನ ಅಚ್ಚು ಸಾವಿರಾರು ಪ್ರತಿಗಳನ್ನು ಹೆತ್ತರೂ ಸವೆಯುವುದಿಲ್ಲ. ಆದರೆ ಅದನ್ನು ಕೊರೆಯುವ ವೆಚ್ಚ ಎಷ್ಟೆಂದರೆ ಸಾವಿರಾರು ಜನ ಕೊಳ್ಳುವ ವಸ್ತುವಲ್ಲದಿದ್ದರೆ ಯಾರೂ ಅದಕ್ಕೆ ಕೈಹಾಕರು. ಯುದ್ಧವಿಮಾನ, ಟ್ಯಾಂಕು, ಮೋಟಾರು ಕಾರು ಇವಕ್ಕೆ ಆ ಸಾವಿರಾರು ಜನ ಸಿಗುತ್ತಾರೆ. ಒಬ್ಬನ ಕನಸಿನಲ್ಲಿ ಮಾತ್ರ ಓಡಾಡಿದ ಯಂತ್ರಕ್ಕೆ ಸಿಗುವವರು ಮೂವತ್ತು ಮಂದಿ. ಆ ಮೂವತ್ತು ಮಂದಿಗಾಗಿ ಇರುವ ದಾರಿ ಸಿಲಿಕೋನ್ ರಬ್ಬರಿನ ಅಚ್ಚು ಮತ್ತು ಎರಡು ದ್ರವಗಳನ್ನು ಬೆರೆಸಿದರೆ ತಾನಾಗಿ ಗಟ್ಟಿಯಾಗುವ ಪಾಲಿಯುರೆಥೇನ್ ರೆಸಿನ್. ಇದಕ್ಕೆ ಕಾರ್ಖಾನೆ ಬೇಡ, ಕುಲುಮೆ ಬೇಡ. ಒಂದು ಮೇಜು, ಒಂದು ತಕ್ಕಡಿ, ಒಂದು ಕಿಟಕಿ ಸಾಕು. ಕಾರು ನಿಲ್ಲಿಸುವ ಜಾಗದಲ್ಲಿ ಕುಳಿತು ಮಾಡಬಹುದಾದದ್ದು ಎಂಬ ಅರ್ಥದಲ್ಲಿಯೇ ಇದಕ್ಕೆ ಗ್ಯಾರೇಜ್ ಕಿಟ್ ಎಂಬ ಹೆಸರು ಬಂದಿದೆ.

ಈ ಕಸುಬಿನ ಜಪಾನಿ ಕವಲು ಬೇರೂರಿದ್ದು ಒಸಾಕಾದ ಸುತ್ತಮುತ್ತ. 1964ರಲ್ಲಿ ಮೊರಿಗುಚಿ ಎಂಬ ಊರಿನಲ್ಲಿ ಒಸಾಮು ಮಿಯಾವಾಕಿ ಎಂಬುವರು ಮೂರು ಚಾಪೆ ಹಾಸುವಷ್ಟು ಜಾಗದಲ್ಲಿ ಕೈಯೋಡೋ ಎಂಬ ಮಾದರಿಗಳ ಅಂಗಡಿ ತೆರೆದರು. ನೂಡಲ್ಸ್ ಅಂಗಡಿ ಇಡುವುದೋ ಮಾದರಿಗಳ ಅಂಗಡಿ ಇಡುವುದೋ ಎಂದು ಹೊಯ್ದಾಡಿದ ಅವರು ಮರದ ಕತ್ತಿಯೊಂದನ್ನು ನೆಟ್ಟಗೆ ನಿಲ್ಲಿಸಿ, ಅದು ಬಿದ್ದ ದಿಕ್ಕನ್ನು ನೋಡಿ ತೀರ್ಮಾನಿಸಿದರೆಂಬುದು ಆ ಅಂಗಡಿಯವರೇ ಹೇಳಿಕೊಂಡು ಬಂದ ಕಥೆ. ಎಂಬತ್ತರ ದಶಕದ ಆರಂಭದಲ್ಲಿ ಆ ಅಂಗಡಿಯ ಸುತ್ತ ನೆರೆದ ಹುಡುಗರಿಗೆ ಒಂದು ಅತೃಪ್ತಿಯಿತ್ತು. ಅವರು ಬಾಲ್ಯದಲ್ಲಿ ಪರದೆಯ ಮೇಲೆ ಕಂಡ ದೈತ್ಯಮೃಗಗಳೂ ಯಂತ್ರಗಳೂ ಅಂಗಡಿಯ ಕಪಾಟಿನಲ್ಲಿ ಆಟಿಕೆಗಳಾಗಿ ಮಾತ್ರ ಇದ್ದವು. ಕಂಡ ಹಾಗೆ ಇರಲಿಲ್ಲ. ಇಲ್ಲದ್ದನ್ನು ಅವರೇ ಕೆತ್ತಿದರು, ಕೆತ್ತಿದ್ದನ್ನು ಅಚ್ಚು ತೆಗೆದು ಗೆಳೆಯರಿಗೆ ಹಂಚಿದರು. ಅದೇ ಕಾಲದಲ್ಲಿ ಒಸಾಕಾದ ವಿಜ್ಞಾನ ಕಥೆಗಳ ಅಭಿಮಾನಿಗಳಾದ ತೋಶಿಯೋ ಒಕಾಡಾ ಮತ್ತು ಯಾಸುಹಿರೋ ತಾಕೆಡಾ ಅವರು 1982ರಲ್ಲಿ ಜನರಲ್ ಪ್ರಾಡಕ್ಟ್ಸ್ ಎಂಬ ಅಂಗಡಿಯನ್ನು ತೆರೆದರು. ವಂಡರ್ ಫೆಸ್ಟಿವಲ್ ಅವರ ಕೂಸು. 1985ರಿಂದ ಅದು ವಿಧಿವತ್ತಾಗಿ ನಡೆಯತೊಡಗಿತು, 1992ರಲ್ಲಿ ಕೈಯೋಡೋ ಅದರ ಹೊಣೆ ಹೊತ್ತಿತು.

ಆ ಸಂತೆಯ ಒಂದು ಏರ್ಪಾಟು ವಿಶೇಷವಾದದ್ದು. ಚಲನಚಿತ್ರದಲ್ಲೋ ಚಿತ್ರಕಥೆಯಲ್ಲೋ ಬರುವ ಯಂತ್ರವನ್ನು ಯಾರಾದರೂ ಕೆತ್ತಿ ಮಾರಬೇಕೆಂದರೆ ಅದರ ಹಕ್ಕುದಾರರ ಅನುಮತಿ ಬೇಕು. ಇಪ್ಪತ್ತು ಪೆಟ್ಟಿಗೆ ಮಾರುವ ಬಡಪಾಯಿಗೆ ಅಂಥ ಅನುಮತಿ ಎಲ್ಲಿ ದೊರೆತೀತು? ಆದ್ದರಿಂದ ಸಂತೆಯವರೇ ಮಧ್ಯೆ ನಿಂತು, ತಿಂಗಳುಗಳ ಮುಂಚೆ ಅರ್ಜಿಯನ್ನೂ ಮಾದರಿಯ ಚಿತ್ರವನ್ನೂ ತರಿಸಿ, ಆ ಒಂದು ದಿನ ಆ ಒಂದು ಕಟ್ಟಡದೊಳಗೆ ಮಾತ್ರ ಮಾರಬಹುದೆಂಬ ಒಪ್ಪಿಗೆಯನ್ನು ಕೊಡಿಸುತ್ತಾರೆ. ಸೂರ್ಯ ಮುಳುಗಿದೊಡನೆ ಆ ಹಕ್ಕೂ ಮುಳುಗುತ್ತದೆ. ಕಾನೂನಿನ ಇತಿಹಾಸದಲ್ಲಿ ಇಷ್ಟು ಅಲ್ಪಾಯುಷಿಯಾದ ಹಕ್ಕುಗಳು ಹೆಚ್ಚು ಇರಲಾರವು.

ಅಲ್ಲಿ ಮೇಜು ಹಾಕುವವರಲ್ಲಿ ಒಬ್ಬನನ್ನು ಊಹಿಸಿಕೊಳ್ಳಬಹುದು. ಹೆಸರು ಬೇಡ, ಅವನಂಥವರು ಬಹಳ ಮಂದಿ ಇರುವುದರಿಂದ ಹೆಸರಿನ ಅಗತ್ಯ ಬೀಳುವುದಿಲ್ಲ. ಹಗಲು ಕಚೇರಿಯ ಕೆಲಸ, ರಾತ್ರಿ ಮನೆಯ ಹಿಂದಿನ ಕೋಣೆ. ಆತ ಯಾರ ಚಿತ್ರವನ್ನೂ ಅನುಸರಿಸದೆ ತನ್ನದೇ ಕಲ್ಪನೆಯ ಒಂದು ಯಂತ್ರವನ್ನು ಕಟ್ಟುತ್ತಿದ್ದಾನೆ: ಒಂದು ಗೇಣು ಉದ್ದದ, ಬಂದರಿನ ಎಳೆದೋಣಿಯ ಹಾಗೆ ಮೊಂಡಾದ, ದೊಡ್ಡ ನೌಕೆಗಳನ್ನು ಎಳೆದೊಯ್ಯುವ ಸಣ್ಣ ಬಾಹ್ಯಾಕಾಶ ದೋಣಿ. ಮೊದಲಿಗೆ ಅದು ಬರಿಯ ಬಿಳಿಯ ಪಾಲಿಸ್ಟೈರೀನ್ ಹಾಳೆ. ಗೆರೆ ಕೊರೆದು ಮುರಿದು, ದ್ರಾವಕದಿಂದ ಅಂಟಿಸಿ, ಸಂದುಗಳಿಗೆ ಪುಟ್ಟಿ ತುಂಬಿ, ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಒಂದು ಡೊಳ್ಳು ದೇಹವನ್ನು ಆತ ನಿಲ್ಲಿಸಿದ್ದಾನೆ. ಆಕಾರವೇನೋ ಬಂದಿದೆ. ಆದರೆ ಅದನ್ನು ನೋಡಿದ ಯಾರಿಗೂ ಅದು ದೋಣಿಯೆಂದು ತೋರುವುದಿಲ್ಲ, ಸಾಬೂನಿನ ಡಬ್ಬಿಯೆಂದು ತೋರುತ್ತದೆ. ಇಲ್ಲಿಂದ ಮುಂದಿನದೇ ಈ ಕಲೆಯ ಗುಟ್ಟು.

ಆ ಗುಟ್ಟನ್ನು ಕಂಡುಕೊಂಡವರು ಚಲನಚಿತ್ರಗಳಿಗೆ ಮಾದರಿ ಕಟ್ಟುತ್ತಿದ್ದ ಕುಶಲಿಗಳು. ಅರವತ್ತರ ದಶಕದಲ್ಲಿ ಇಂಗ್ಲೆಂಡಿನ ಸ್ಲಾವ್ ಪಟ್ಟಣದಲ್ಲಿ ಡೆರೆಕ್ ಮೆಡಿಂಗ್ಸ್ ಮತ್ತು ಅವರ ಸಂಗಡಿಗರು ‘ಥಂಡರ್‌ಬರ್ಡ್ಸ್’ ಎಂಬ ಬೊಂಬೆಯಾಟದ ದೂರದರ್ಶನ ಮಾಲೆಗೆ ರಾಕೆಟ್ಟುಗಳನ್ನೂ ಉಡಾವಣೆಯ ಅಂಕಣಗಳನ್ನೂ ಕಟ್ಟಿದರು. ಅಂಗಡಿಯಲ್ಲಿ ದೊರೆಯುವ ಮಾದರಿಗಳ ಬಿಡಿಭಾಗಗಳನ್ನು ಕಿತ್ತು ಮೇಲ್ಮೈಗೆ ಅಂಟಿಸಿದರೆ ಬೋಳು ಗೋಡೆಯೂ ಯಂತ್ರಶಾಲೆಯಂತೆ ಕಾಣುತ್ತದೆಂಬುದನ್ನು ಅವರು ಬಲ್ಲರು. ಅಂಥ ಒಂದು ಉಡಾವಣಾ ಕೋಣೆಯ ಗೋಡೆಯ ಮೇಲೆ ನಿಂಬೆಹಣ್ಣು ಹಿಂಡುವ ಪ್ಲಾಸ್ಟಿಕ್ ಬಟ್ಟಲೊಂದು ಯಂತ್ರಭಾಗದ ಗಾಂಭೀರ್ಯದಿಂದ ಕುಳಿತಿದೆ. ಗುರುತಿಸಿದವರಿಗೆ ನಗು ಬರುತ್ತದೆ, ಗುರುತಿಸದವರಿಗೆ ಅದು ಗಾಳಿಕಿಂಡಿ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯ ಡಿಸ್ಕವರಿ ನೌಕೆಯ ದೊಡ್ಡ ಮಾದರಿ 54 ಅಡಿ ಉದ್ದವಿತ್ತು, ಅದರ ಬೆನ್ನಿನ ಸೂಕ್ಷ್ಮ ವಿವರಗಳಿಗೂ ಮಾದರಿ ಪೆಟ್ಟಿಗೆಗಳ ಬಿಡಿಭಾಗಗಳೇ ಒದಗಿಬಂದವು. ಮುಂದೆ 1977ರ ‘ಸ್ಟಾರ್ ವಾರ್ಸ್’ಗಾಗಿ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನ ಗೋದಾಮೊಂದರಲ್ಲಿ ಕುಳಿತ ಯುವಕರು ಟ್ಯಾಂಕು, ಹಡಗು, ಪಂದ್ಯದ ಕಾರುಗಳ ಮಾದರಿ ಪೆಟ್ಟಿಗೆಗಳನ್ನು ರಾಶಿರಾಶಿಯಾಗಿ ಕೊಂಡು ಒಡೆದರು. ಹೀಗೆ ಅಂಟಿಸುವ ಚೂರುಗಳಿಗೆ ಅವರು ಗ್ರೀಬ್ಲಿ ಎಂಬ ಅರ್ಥವಿಲ್ಲದ ಹೆಸರನ್ನಿಟ್ಟರು.

ಜಪಾನಿನಲ್ಲಿ ಈ ದಾರಿಯನ್ನು ತನ್ನದಾಗಿಸಿಕೊಂಡವರು ಕೋ ಯೋಕೋಯಾಮಾ. ‘ಹಾಬಿ ಜಪಾನ್’ ಪತ್ರಿಕೆಯಲ್ಲಿ 1982ರಿಂದ 1986ರವರೆಗೆ ಪ್ರಕಟವಾದ ‘ಎಸ್ಎಫ್3ಡಿ’ ಎಂಬ ಮಾಲೆಗಾಗಿ ಅವರು ಸೈನಿಕರು ತೊಡುವ ಯಂತ್ರಕವಚಗಳನ್ನೂ ತೇಲುವ ಟ್ಯಾಂಕುಗಳನ್ನೂ ಕೈಯಾರೆ ಕಟ್ಟಿ, ಛಾಯಾಚಿತ್ರ ತೆಗೆಸಿ, ಅವುಗಳ ಸುತ್ತ ಒಂದು ಯುದ್ಧದ ಕಥೆಯನ್ನು ಹೆಣೆದರು. ಅವರ ಯಂತ್ರಗಳು ಹೊಳೆಯುವುದಿಲ್ಲ. ಕೆಸರು ಮೆತ್ತಿಕೊಂಡಿವೆ, ಬಣ್ಣ ಕಿತ್ತುಹೋಗಿದೆ, ಎರಡನೆಯ ಮಹಾಯುದ್ಧದ ಟ್ಯಾಂಕುಗಳ ದಾಯಾದಿಗಳಂತಿವೆ. ನಿಟ್ಟೋ ಎಂಬ ಕಂಪನಿ ಅವುಗಳಲ್ಲಿ ಕೆಲವನ್ನು ಪ್ಲಾಸ್ಟಿಕ್ ಮಾದರಿಗಳಾಗಿ ತಂದಿತು. ಮಾಲೆ ನಿಂತು, ಹಕ್ಕಿನ ಜಗಳದಲ್ಲಿ ಅದು ಬಹುಕಾಲ ಸಿಕ್ಕಿಬಿದ್ದಾಗ, ‘ಮಷೀನೆನ್ ಕ್ರೀಗರ್’ ಎಂಬ ಹೊಸ ಹೆಸರಿನ ಆ ಲೋಕವನ್ನು ಜೀವಂತವಾಗಿಟ್ಟವರಲ್ಲಿ ರೆಸಿನ್ ಎರಕ ಹೊಯ್ಯುವ ಸಣ್ಣ ಕುಶಲಿಗಳದು ದೊಡ್ಡ ಪಾಲು.

ಟ್ಯಾಂಕಿನ ಚೂರು ಅಂಟಿಸಿದೊಡನೆ ಸಾಬೂನಿನ ಡಬ್ಬಿ ನೌಕೆಯಾಗುವುದೇಕೆ? ವಿವರ ಹೆಚ್ಚಾದ್ದರಿಂದ ಎಂಬುದು ಅರ್ಧ ಉತ್ತರ. ಇನ್ನರ್ಧ ಇದು: ಟ್ಯಾಂಕಿನ ಆ ಭಾಗವನ್ನು ಮೊದಲು ರೂಪಿಸಿದವನು ಅಲಂಕಾರಕ್ಕಾಗಿ ರೂಪಿಸಿದ್ದಲ್ಲ. ಆ ಬಾಗಿಲಿಗೆ ತಿರುಗಣೆ ಬೇಕಿತ್ತು, ಆ ಮುಚ್ಚಳ ಬಿಚ್ಚಲು ನಾಲ್ಕು ಬೋಲ್ಟು ಬೇಕಿತ್ತು, ಆ ಹಿಡಿಯಲ್ಲಿ ಕೈಗವಸು ತೊಟ್ಟ ಕೈ ತೂರಬೇಕಿತ್ತು. ಉಪಯೋಗದ ಆ ನೆನಪು ಆಕಾರದೊಳಗೆ ಉಳಿದಿರುತ್ತದೆ. ಅದು ಯಾವ ಯಂತ್ರದ್ದೆಂದು ಮರೆತ ಮೇಲೂ ಕಣ್ಣು ಅದನ್ನು ನಂಬುತ್ತದೆ. ಬರಿದೇ ಮನಸ್ಸಿಗೆ ಬಂದ ಗೀರು, ಗುಬುಟುಗಳನ್ನು ಹಾಳೆಯ ಮೇಲೆ ಕೂಡಿಸಿದರೆ ಆ ನಂಬಿಕೆ ಹುಟ್ಟುವುದಿಲ್ಲ. ಕಾವ್ಯವನ್ನು ಓದುವವರಿಗೆ ಇದು ಹೊಸ ಮಾತಲ್ಲ. ಆಡುಮಾತಿನಲ್ಲಿ ಸವೆದು ಬಂದ ಪದವೊಂದು ಕವಿತೆಯ ನಡುವೆ ಕುಳಿತಾಗ ಕೊಡುವ ಭಾರವನ್ನು ನಿಘಂಟಿನಿಂದ ಎತ್ತಿ ತಂದ ಪದ ಕೊಡಲಾರದು. ಅಂಟಿಸುವುದರಲ್ಲಿಯೂ ಸಂಯಮ ಬೇಕು. ಮೈಯೆಲ್ಲ ಚೂರು ಮೆತ್ತಿದ ನೌಕೆಗಳು ಮೊದಲ ನೋಟಕ್ಕೆ ಬೆರಗು ಹುಟ್ಟಿಸಿ ಎರಡನೆಯ ನೋಟಕ್ಕೆ ಬೇಸರ ತರುತ್ತವೆ. ಎಲ್ಲಿ ಬೋಳಾಗಿ ಬಿಡಬೇಕೆಂದು ಬಲ್ಲವನೇ ಈ ಕೆಲಸದಲ್ಲಿ ಗಟ್ಟಿಗ.

ನಾಲ್ಕು ತಿಂಗಳ ರಾತ್ರಿಗಳ ಬಳಿಕ ಎಳೆದೋಣಿ ಮುಗಿಯುತ್ತದೆ. ಬಿಳಿಯ ಹಾಳೆ, ಹಸಿರು ಪ್ಲಾಸ್ಟಿಕ್, ಹಿತ್ತಾಳೆಯ ತಂತಿ, ಹಳದಿ ಪುಟ್ಟಿ ಎಲ್ಲ ಕೂಡಿದ ಆ ಚಿಂದಿಯ ಕೌದಿಯ ಮೇಲೆ ಆತ ಬೂದುಬಣ್ಣದ ತೆಳು ಲೇಪವೊಂದನ್ನು ಸಿಂಪಡಿಸುತ್ತಾನೆ. ಆ ಕ್ಷಣಕ್ಕಾಗಿಯೇ ಅನೇಕರು ಈ ಕಸುಬಿನಲ್ಲಿ ಉಳಿದಿದ್ದಾರೆ. ನೂರು ಕಡೆಯಿಂದ ಬಂದ ಚೂರುಗಳು ಒಂದೇ ಲೋಹದಿಂದ ಕಡೆದಂತೆ ಒಮ್ಮೆಲೇ ಒಂದಾಗುತ್ತವೆ. ಅದೇ ಲೇಪ ಮರೆತುಹೋದ ಪ್ರತಿಯೊಂದು ಗೀರನ್ನೂ ಎತ್ತಿ ತೋರಿಸುತ್ತದೆ. ಆದ್ದರಿಂದ ಸಂತೋಷ ಹತ್ತು ನಿಮಿಷದ್ದು, ಮತ್ತೆ ಉಪ್ಪುಕಾಗದ.

ಇನ್ನು ಅಚ್ಚು. ‘ಅಚ್ಚು’ ಎಂಬ ಕನ್ನಡದ ಪದ ಬೆಲ್ಲದ ಅಚ್ಚಿಗೂ ಪುಸ್ತಕದ ಅಚ್ಚಿಗೂ ಒಂದೇ ಆಗಿ ಸಲ್ಲುತ್ತದೆ. ‘ಪಡಿಯಚ್ಚು’ ಎಂದರೆ ಮೂಲಕ್ಕೆ ಸರಿಸಾಟಿಯಾದ ಪ್ರತಿ. ಎಳೆದೋಣಿಯನ್ನು ಬಿಡಿಭಾಗಗಳಾಗಿ ಬೇರ್ಪಡಿಸಿ, ಒಂದೊಂದನ್ನೂ ಜೇಡಿಯ ಹಾಸಿನಲ್ಲಿ ಅರ್ಧದಷ್ಟು ಹೂತು, ಸುತ್ತ ಗೋಡೆ ಕಟ್ಟುತ್ತಾರೆ. ಗೋಡೆಗೆ ಮಕ್ಕಳ ಲೆಗೋ ಇಟ್ಟಿಗೆಗಳು ಬಹಳ ಒಳ್ಳೆಯವು. ಬೇಕಾದಷ್ಟು ಅಳತೆಗೆ ಕೂಡುತ್ತವೆ, ಕೆಲಸ ಮುಗಿದ ಮೇಲೆ ಬಿಚ್ಚಿಡಬಹುದು. ಜೇಡಿಯನ್ನು ಆಯುವುದರಲ್ಲಿಯೂ ಎಚ್ಚರ ಬೇಕು. ಕೆಲವು ಬಗೆಯ ಸಿಲಿಕೋನಿಗೆ ಗಂಧಕ ಆಗದು. ಗಂಧಕವಿರುವ ಜೇಡಿ ತಗುಲಿದ ಕಡೆ ರಬ್ಬರು ಎಷ್ಟು ದಿನ ಕಳೆದರೂ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿದು ಮೂಲವನ್ನು ಹಾಳುಮಾಡುತ್ತದೆ. ಜೇಡಿಯ ಮೇಲೆ ಅಲ್ಲಲ್ಲಿ ಸಣ್ಣ ಕುಳಿಗಳನ್ನು ಒತ್ತಿಡುತ್ತಾರೆ. ಮುಂದೆ ಅಚ್ಚಿನ ಎರಡು ಹೋಳುಗಳು ಜರುಗದಂತೆ ಒಂದನ್ನೊಂದು ಕಚ್ಚಿ ಹಿಡಿಯುವುದು ಆ ಕುಳಿಗಳಿಂದ. ಆಮೇಲೆ ಸಿಲಿಕೋನನ್ನು ಎತ್ತರದಿಂದ ನೂಲಿನಷ್ಟು ಸಣ್ಣ ಧಾರೆಯಾಗಿ ಒಂದು ಮೂಲೆಗೆ ಸುರಿಯುತ್ತಾರೆ. ಧಾರೆ ಸಣ್ಣಗಾದಷ್ಟೂ ಅದರೊಳಗಿನ ಗಾಳಿಗುಳ್ಳೆಗಳು ಒಡೆಯುತ್ತವೆ. ಒಂದು ರಾತ್ರಿ ಕಳೆಯಬೇಕು.

ಮರುದಿನ ಅದನ್ನು ಬೋರಲು ಹಾಕಿ, ಜೇಡಿಯನ್ನು ಕಿತ್ತು, ಎರಡನೆಯ ಹೋಳನ್ನು ಸುರಿಯಬೇಕು. ಸಿಲಿಕೋನಿನ ಸ್ವಭಾವ ವಿಚಿತ್ರ. ಜಗತ್ತಿನ ಯಾವ ವಸ್ತುವಿಗೂ ಅದು ಸುಲಭದಲ್ಲಿ ಅಂಟಿಕೊಳ್ಳುವುದಿಲ್ಲ, ತನಗೆ ತಾನು ಮಾತ್ರ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ಮೊದಲ ಹೋಳಿನ ಮೈಗೆ ವ್ಯಾಸಲೀನಿನ ತೆಳು ಪದರವನ್ನು ಸವರಲು ಮರೆತರೆ ಎರಡೂ ಹೋಳು ಒಂದೇ ಗಟ್ಟಿಯಾಗಿ, ನಾಲ್ಕು ತಿಂಗಳ ದುಡಿಮೆ ಅದರ ಗರ್ಭದಲ್ಲಿ ಸಮಾಧಿಯಾಗುತ್ತದೆ. ಚಾಕು ಹಿಡಿದು ಸೀಳಿ ತೆಗೆಯುವುದೊಂದೇ ದಾರಿ. ಬಹಳ ಮಂದಿ ಈ ತಪ್ಪನ್ನು ಒಮ್ಮೆ ಮಾಡುತ್ತಾರೆ, ಎರಡನೆಯ ಸಲ ಮಾಡಿದವರು ವಿರಳ. ತಪ್ಪಾಗದಿದ್ದರೂ ಮೂಲಕ್ಕೆ ಪೆಟ್ಟು ತಪ್ಪಿದ್ದಲ್ಲ. ಅಚ್ಚಿನಿಂದ ಬಿಡಿಸುವಾಗ ತೆಳುವಾದ ಕಂಬಿ ಮುರಿಯುತ್ತದೆ, ಅಂಟಿಸಿದ ಚೂರು ಕಿತ್ತು ರಬ್ಬರಿನೊಳಗೇ ಉಳಿಯುತ್ತದೆ. ಎಷ್ಟೋ ಸಲ ಅಚ್ಚು ತಯಾರಾಗುವ ಹೊತ್ತಿಗೆ ಮೂಲ ಎಂಬುದು ಉಳಿದಿರುವುದಿಲ್ಲ. ಅದರ ಪೊಳ್ಳು ಮಾತ್ರ ಉಳಿದಿರುತ್ತದೆ.

ಇದನ್ನು ಹಳೆಯ ಎರಕದ ವಿದ್ಯೆಯ ಪಕ್ಕದಲ್ಲಿಟ್ಟು ನೋಡಬಹುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಹನ್ನೆರಡನೆಯ ಶತಮಾನದ ಸಂಸ್ಕೃತ ಗ್ರಂಥ. ಅದರಲ್ಲಿ ಮೇಣದ ಮೂರ್ತಿಯನ್ನು ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹೊರಹರಿಸಿ, ಆ ಪೊಳ್ಳಿಗೆ ಲೋಹವನ್ನು ಹೊಯ್ಯುವ ವಿಧಾನದ ವಿವರವಿದೆ. ಮೇಣವನ್ನು ಮೊದಲೇ ತೂಗಿ, ಅದರ ಇಷ್ಟು ಪಾಲು ಲೋಹವೆಂದು ಲೆಕ್ಕ ಹಾಕುವ ಕ್ರಮವನ್ನೂ ಅದು ಹೇಳುತ್ತದೆ. ಅಲ್ಲಿ ಮೇಣದ ಮೂಲ ಕರಗಿ ಹೋಗುತ್ತದೆ, ಮಣ್ಣಿನ ಅಚ್ಚನ್ನು ಒಡೆಯುತ್ತಾರೆ, ಉಳಿಯುವುದು ಒಂದೇ ಮೂರ್ತಿ. ಉಕ್ಕಿನ ಅಚ್ಚಿನಲ್ಲಿ ಲೆಕ್ಕವಿಲ್ಲದಷ್ಟು. ಈ ಎರಡರ ನಡುವೆ ರಬ್ಬರಿನ ಅಚ್ಚು ನಿಂತಿದೆ: ಒಂದಕ್ಕಿಂತ ಹೆಚ್ಚು, ಆದರೆ ಎಣಿಸಬಹುದಾದಷ್ಟು. ಎಳೆದೋಣಿಯವನೂ ಅಳತೆಯನ್ನು ಮೊದಲೇ ನೋಡುತ್ತಾನೆ. ಅಚ್ಚಿನ ಪೊಳ್ಳಿಗೆ ಅಕ್ಕಿ ತುಂಬಿ, ಆ ಅಕ್ಕಿಯನ್ನು ಬಟ್ಟಲಿಗೆ ಸುರಿದು ಎಷ್ಟು ರೆಸಿನ್ ಬೇಕೆಂದು ಗುರುತು ಹಾಕಿಕೊಳ್ಳುತ್ತಾನೆ.

ರೆಸಿನಿನ ಎರಡು ದ್ರವಗಳನ್ನು ಸಮಪ್ರಮಾಣದಲ್ಲಿ ಬೆರೆಸಿದ ಗಳಿಗೆಯಿಂದ ಕಾಲ ಓಡತೊಡಗುತ್ತದೆ. ಈ ಕೆಲಸಕ್ಕೆ ಬಳಸುವ ರೆಸಿನಿನಲ್ಲಿ ದೊರೆಯುವ ಅವಧಿ ಸಾಮಾನ್ಯವಾಗಿ ಎರಡು ಮೂರು ನಿಮಿಷ. ಅಷ್ಟರೊಳಗೆ ಕಲಕಿ, ಸುರಿದು, ಅಚ್ಚನ್ನು ತಟ್ಟಿ, ಮೂಲೆಗಳಲ್ಲಿ ಸಿಕ್ಕಿದ ಗಾಳಿಯನ್ನು ಕಡ್ಡಿಯಿಂದ ಹೊರಡಿಸಬೇಕು. ಬಟ್ಟಲು ಕೈಯಲ್ಲೇ ಬಿಸಿಯಾಗುತ್ತದೆ. ನೀರಿನಂತಿದ್ದದ್ದು ನೋಡುನೋಡುತ್ತ ಮಂಜಾಗಿ, ಕೆನೆಗಟ್ಟಿ, ಕಲ್ಲಾಗುತ್ತದೆ. ಇದರ ಶತ್ರು ತೇವ. ಒಂದು ದ್ರವದಲ್ಲಿರುವ ಐಸೋಸಯನೇಟ್ ನೀರಿನ ಅಂಶವನ್ನು ಕಂಡೊಡನೆ ಇಂಗಾಲದ ಡೈಆಕ್ಸೈಡನ್ನು ಉಗುಳುತ್ತದೆ; ಎರಕದ ಮೈತುಂಬ ಸಾಸಿವೆಯಂಥ ಗುಳ್ಳೆ ಏಳುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳವನ್ನು ಸಡಿಲ ಬಿಟ್ಟವನ ಎರಕ ರೊಟ್ಟಿಯಂತೆ ಉಬ್ಬುತ್ತದೆ. ಒತ್ತಡದ ಪಾತ್ರೆಯೊಳಗಿಟ್ಟು ಗಟ್ಟಿಯಾಗಿಸಿದರೆ ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಕುಗ್ಗುತ್ತವೆ. ಆ ಪಾತ್ರೆಯನ್ನು ಕೊಳ್ಳಲಾರದವರು ತಟ್ಟುವುದನ್ನೂ ಕಾಯುವುದನ್ನೂ ಕಲಿಯುತ್ತಾರೆ.

ಅದೇ ಐಸೋಸಯನೇಟಿನ ಇನ್ನೊಂದು ಗುಣವನ್ನು ಹೇಳದೆ ಬಿಡಬಾರದು. ಅದರ ಆವಿಯನ್ನು ಮತ್ತೆ ಮತ್ತೆ ಉಸಿರಾಡಿದ ದೇಹ ಒಂದು ದಿನ ಅದನ್ನು ವಿಷವೆಂದು ಗುರುತಿಸಿಬಿಡಬಹುದು. ಅಲ್ಲಿಂದಾಚೆಗೆ ಆವಿಯ ಒಂದು ಎಳೆ ಸೋಕಿದರೂ ಉಸಿರು ಕಟ್ಟಿ ಉಬ್ಬಸ ಏಳುತ್ತದೆ, ಹಿಂದಿನ ಸ್ಥಿತಿಗೆ ಮರಳುವ ಭರವಸೆಯಿಲ್ಲ. ಗಟ್ಟಿಯಾದ ರೆಸಿನನ್ನು ಉಜ್ಜುವಾಗ ಏಳುವ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹೀಗೆ ದೇಹ ನಿರಾಕರಿಸಿದ್ದರಿಂದ ಕಸುಬನ್ನೇ ಬಿಡಬೇಕಾಗಿ ಬಂದವರಿದ್ದಾರೆ. ಮುಖಗವಸು, ಕೈಗವಸು, ತೆರೆದ ಕಿಟಕಿ ಇವನ್ನು ಹೆದರಿಕೆಯ ಅತಿರೇಕವೆಂದು ನಗುವವರು ಆ ಒಂದು ದಿನವನ್ನು ಇನ್ನೂ ಕಂಡಿಲ್ಲ, ಅಷ್ಟೆ. ಎಳೆದೋಣಿಯವನು ಚಳಿಗಾಲದ ರಾತ್ರಿಯಲ್ಲೂ ಕಿಟಕಿ ತೆರೆದು, ನಡುಗುತ್ತ ಎರಕ ಹೊಯ್ಯುತ್ತಾನೆ.

ಮೊದಲ ನಾಲ್ಕೈದು ಎರಕಗಳಲ್ಲಿ ದೋಷ ತಿದ್ದುವುದೇ ಆಗುತ್ತದೆ. ಎಲ್ಲಿ ಗಾಳಿ ಸಿಕ್ಕುತ್ತದೋ ಅಲ್ಲಿಗೆ ಅಚ್ಚಿನಲ್ಲಿ ಒಂದು ಸಣ್ಣ ದಾರಿಯನ್ನು ಕೊರೆಯುತ್ತಾನೆ. ಆರನೆಯದರಿಂದ ಇಪ್ಪತ್ತರವರೆಗೆ ಸುಭಿಕ್ಷ. ಅಚ್ಚು ಹದಕ್ಕೆ ಬಂದಿರುತ್ತದೆ, ಕೈಗೂ ಲೆಕ್ಕ ಸಿಕ್ಕಿರುತ್ತದೆ. ಬಿಡಿಸಿದ ಪ್ರತಿಯೊಂದು ಭಾಗವೂ ಮೂಲದ ಬೆರಳ ಗುರುತನ್ನು ಸಹ ಹೊತ್ತು ಬರುತ್ತದೆ. ಬೆರಳ ಗುರುತೆಂಬುದು ಅಲಂಕಾರವಲ್ಲ, ಸಿಲಿಕೋನ್ ನಿಜಕ್ಕೂ ಅಷ್ಟು ಸೂಕ್ಷ್ಮವಾಗಿ ಅಚ್ಚೊತ್ತಿಕೊಳ್ಳುತ್ತದೆ. ಇಪ್ಪತ್ತು ದಾಟಿದ ಮೇಲೆ ಇಳಿಗಾಲ. ಪ್ರತಿ ಎರಕದ ಬಿಸಿಗೂ ರಸಾಯನಕ್ಕೂ ರಬ್ಬರು ತನ್ನ ಜಿಡ್ಡನ್ನು ಕಳೆದುಕೊಂಡು ಬಿರುಸಾಗುತ್ತದೆ. ಆಳವಾದ ಕುಳಿಗಳಲ್ಲಿ ರೆಸಿನ್ ಅಂಟಿಕೊಳ್ಳತೊಡಗುತ್ತದೆ. ಒಂದು ಸಂಜೆ, ಬಿಡಿಸುವಾಗ ತೆಳುವಾದ ತುಟಿಯೊಂದು ಪಟ್ಟೆಂದು ಹರಿಯುತ್ತದೆ. ಆ ಭಾಗದ ಮುಂದಿನ ಎರಕಗಳಲ್ಲೆಲ್ಲ ಅಲ್ಲೊಂದು ಗಂಟು. ಇನ್ನೂ ನಾಲ್ಕಾರು ಪ್ರತಿ ತೆಗೆಯಬಹುದು, ಗಂಟನ್ನು ಕೊಂಡವನೇ ಕೆತ್ತಿ ಸರಿಪಡಿಸಿಕೊಳ್ಳಲಿ ಎನ್ನಬಹುದು. ಹಾಗೆ ಅನ್ನುವವರೂ ಇದ್ದಾರೆ. ಮೂವತ್ತಕ್ಕೆ ನಿಲ್ಲಿಸುವವನ ಮರ್ಯಾದೆ ಇರುವುದು ಆ ಗಂಟಿನ ಎದುರು ಆತ ಏನು ಮಾಡುತ್ತಾನೆಂಬುದರಲ್ಲಿ.

ಸಂತೆಯ ದಿನ ಮೂವತ್ತು ಪೆಟ್ಟಿಗೆಗಳೂ ಮಾರಿಹೋದವೆನ್ನೋಣ. ಸಿಲಿಕೋನು, ರೆಸಿನ್ನು, ಒಡೆದ ಟ್ಯಾಂಕು ಪೆಟ್ಟಿಗೆಗಳು, ಮೇಜಿನ ಬಾಡಿಗೆ ಎಲ್ಲ ಕಳೆದರೆ ಕೈಯಲ್ಲಿ ಉಳಿಯುವ ಹಣ ಮುಂದಿನ ಅಚ್ಚಿಗೆ ಸಾಕು. ರಾತ್ರಿಗಳಿಗೆ ಬೆಲೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಯಾರೂ ಕಟ್ಟುವುದಿಲ್ಲ.

ಒಂದೆರಡು ವರ್ಷಗಳ ತರುವಾಯ ಆ ಎಳೆದೋಣಿಯೇ ಅರ್ಧ ಬೆಲೆಗೆ ಬೇರೆಲ್ಲೋ ಮಾರಾಟಕ್ಕೆ ಬಂದಿದೆಯೆಂಬ ಸುದ್ದಿ ಅವನನ್ನು ತಲುಪುತ್ತದೆ. ಈ ಲೋಕದ ಹಳೆಯ ಪಿಡುಗು ಇದು. ಯಾರೋ ಒಬ್ಬ ಒಂದು ಪೆಟ್ಟಿಗೆಯನ್ನು ಕೊಂಡು, ಅದರ ಭಾಗಗಳಿಂದಲೇ ಹೊಸ ಅಚ್ಚು ತೆಗೆದು, ಪ್ರತಿಯ ಪ್ರತಿಯನ್ನು ಮಾರುತ್ತಾನೆ. ಆತ ಕೆತ್ತಿದ್ದಿಲ್ಲ, ಉಜ್ಜಿದ್ದಿಲ್ಲ. ನಾಲ್ಕು ತಿಂಗಳನ್ನು ಒಂದು ವಾರಾಂತ್ಯದಲ್ಲಿ ಎತ್ತಿಕೊಂಡಿದ್ದಾನೆ. ಗೆಳೆಯನೊಬ್ಬ ಆ ಕಳ್ಳಪ್ರತಿಯನ್ನು ತರಿಸಿ ಮೇಜಿನ ಮೇಲಿಡುತ್ತಾನೆ. ರೆಸಿನ್ ಗಟ್ಟಿಯಾಗುವಾಗ ಕೂದಲೆಳೆಯಷ್ಟು ಕುಗ್ಗುವುದರಿಂದ ಕಳ್ಳಪ್ರತಿ ಮೂಲದ ಪ್ರತಿಗಿಂತ ತುಸು ಚಿಕ್ಕದು. ಅಂಚುಗಳು ಮೊಂಡು, ಬೋಲ್ಟಿನ ತಲೆಗಳು ಸವೆದ ನಾಣ್ಯದಂತೆ.

ಗ್ರಂಥಸಂಪಾದನೆಯನ್ನು ಓದಿದವರಿಗೆ ಮುಂದಿನದು ಪರಿಚಿತವಾಗಿ ತೋರುತ್ತದೆ. ಎರಡು ಓಲೆಪ್ರತಿಗಳಲ್ಲಿ ಒಂದೇ ಸರಿಪಾಠವಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಒಂದೇ ಜಾಗದಲ್ಲಿ ಒಂದೇ ತಪ್ಪು, ಅದೂ ತಾನಾಗಿ ಎರಡು ಸಲ ಆಗಲಾರದ ತಪ್ಪು ಇದ್ದರೆ, ಎರಡಕ್ಕೂ ಒಂದೇ ಮಾತೃಕೆಯಿತ್ತೆಂದು ಸಂಪಾದಕ ಗುರುತಿಸುತ್ತಾನೆ. ರೆಸಿನಿನಲ್ಲಿಯೂ ಹಾಗೆಯೇ. ಸಿಲಿಕೋನಿನೊಳಗಿನ ಗುಳ್ಳೆಯಿಂದ ಎದ್ದ ಗುಬುಟು ಎಲ್ಲ ಪ್ರತಿಗಳಲ್ಲೂ ಇರುತ್ತದೆ. ಆದರೆ ರೆಸಿನಿನೊಳಗೆ ಸಿಕ್ಕಿದ ಗುಳ್ಳೆಯಿಂದಾದ ಕುಳಿ ಆ ಒಂದೇ ಎರಕಕ್ಕೆ ಸೇರಿದ್ದು. ಮುಂದಿನ ಎರಕದಲ್ಲಿ ಅದು ಅಲ್ಲಿರುವುದಿಲ್ಲ. ಕಳ್ಳ ಅಚ್ಚು ತೆಗೆದವನು ತನ್ನ ಕೈಗೆ ಬಂದ ಪ್ರತಿಯ ಕುಳಿಯನ್ನು ತುಂಬದೆ ಬಿಟ್ಟರೆ, ಅವನು ಮಾರುವ ನೂರು ಪ್ರತಿಗಳಲ್ಲೂ ಅದೇ ಕುಳಿ ಅದೇ ಜಾಗದಲ್ಲಿ ಮೂಡುತ್ತದೆ. ಎಳೆದೋಣಿಯವನು ದೀಪವನ್ನು ಹತ್ತಿರ ಎಳೆದು ಎಡಬದಿಯ ಕೊಳವೆಯ ಕೆಳಗೆ ನೋಡುತ್ತಾನೆ. ಎಳ್ಳುಕಾಳಿನಷ್ಟು ಒಂದು ಕುಳಿ. ಅದು ಅವನಿಗೆ ಗೊತ್ತು. ಅಚ್ಚು ಹರಿಯುವ ಮುನ್ನ ಅವಸರದಲ್ಲಿ ತೆಗೆದ ಎರಕವದು. ಮೂವತ್ತು ತುಂಬಿಸಲೇಬೇಕೆಂದು ಅದನ್ನು ಪೆಟ್ಟಿಗೆಗೆ ಹಾಕುವಾಗ ಮನಸ್ಸು ಚುಚ್ಚಿತ್ತು. ಹಾಗೆ ಮನಸ್ಸು ಚುಚ್ಚಿದ್ದರಿಂದಲೇ ಆ ಪೆಟ್ಟಿಗೆಯನ್ನು ಕೊಂಡವನಿಗೆ ತಲೆಬಾಗಿ ದೋಷವನ್ನು ತಿಳಿಸಿ ಬೆಲೆ ಇಳಿಸಿದ್ದೂ ನೆನಪಿದೆ. ಕೊಂಡವನ ಮುಖವೂ ನೆನಪಿದೆ. ಆತ ಯಂತ್ರದ ಕುರಿತು ಬಹಳ ಪ್ರೀತಿಯಿಂದ ಮಾತನಾಡಿದ್ದ.

ದೂರು ಕೊಡುವುದು ಎಲ್ಲಿ, ಯಾವ ದೇಶದ ಯಾವ ಕಾನೂನಿನ ಕೆಳಗೆ? ಮೂವತ್ತು ಪೆಟ್ಟಿಗೆಯವನಿಗೆ ವಕೀಲರಿಲ್ಲ. ಅದಕ್ಕಿಂತ ಕಸಿವಿಸಿಯ ಪ್ರಶ್ನೆಯೂ ಒಂದಿದೆ. ಎಳೆದೋಣಿಯ ಮೈಮೇಲಿನ ಬೋಲ್ಟು, ಬಾಗಿಲು, ಹಿಡಿಗಳು ಯಾವುದೋ ಕಂಪನಿಯ ಟ್ಯಾಂಕಿನಿಂದ ಬಂದವು. ಅವುಗಳನ್ನು ಕೆತ್ತಿದವನನ್ನು ಆತ ಕೇಳಿರಲಿಲ್ಲ. ಚೂರನ್ನು ಎತ್ತಿ ಹೊಸ ಅರ್ಥ ಕೊಡುವುದಕ್ಕೂ ಇಡಿಯನ್ನು ಎತ್ತಿ ಹಳೆಯ ಹೆಸರಿನಲ್ಲೇ ಮಾರುವುದಕ್ಕೂ ಅಜಗಜಾಂತರವಿದೆ, ನಿಜ; ಎಲ್ಲ ಕವಿಗಳೂ ಹಿಂದಿನವರ ಮಾತನ್ನೇ ಮುರಿದು ಕಟ್ಟಿದವರು. ಆದರೂ ಗೆರೆ ಎಲ್ಲಿದೆಯೆಂದು ತೋರಿಸಿ ಎಂದರೆ ಈ ಕಸುಬಿನ ಪ್ರಾಮಾಣಿಕರು ತುಸು ತಡವರಿಸುತ್ತಾರೆ, ತಡವರಿಸಬೇಕಾದದ್ದೇ.

ಈಚೆಗೆ ಮೂಲವನ್ನು ಗಣಕದಲ್ಲಿ ರೂಪಿಸಿ ಮುದ್ರಣ ಯಂತ್ರದಿಂದ ಮೂರು ಆಯಾಮದಲ್ಲಿ ಪಡೆಯುವವರು ಹೆಚ್ಚಾಗಿದ್ದಾರೆ. ಅಲ್ಲ, ಇದು ಕಲೆಯ ಅಂತ್ಯವಲ್ಲ. ಮುದ್ರಿಸಿದ ಮೂಲವನ್ನೂ ಉಜ್ಜಿ ನಯಗೊಳಿಸಬೇಕು, ಮೂವತ್ತು ಪ್ರತಿ ಬೇಕೆಂದರೆ ಅಚ್ಚು ತೆಗೆದು ಹೊಯ್ಯುವುದು ಅನೇಕ ಸಲ ಇಂದಿಗೂ ಬೇಗನೆ ಆಗುವ, ಅಗ್ಗದ ದಾರಿ. ಬದಲಾದದ್ದು ಮೂಲದ ಹಣೆಬರಹ. ಕಡತದಲ್ಲಿರುವ ಮೂಲ ಅಚ್ಚಿನೊಳಗೆ ಮುರಿಯುವುದಿಲ್ಲ, ಎಂದು ಬೇಕಾದರೂ ಮತ್ತೆ ಹುಟ್ಟುತ್ತದೆ. ‘2001’ರ ಮಾದರಿಗಳಿಗೆ ಅಂಥ ಭಾಗ್ಯವಿರಲಿಲ್ಲ. ಚಿತ್ರ ಮುಗಿದ ಮೇಲೆ ಅವುಗಳಲ್ಲಿ ಹೆಚ್ಚಿನವು ನಾಶವಾದವು. ದೊಡ್ಡ ಬಾಹ್ಯಾಕಾಶ ನಿಲ್ದಾಣದ ಮಾದರಿ ಸ್ಟೀವನೇಜ್ ಬಳಿಯ ಬಯಲಿನಲ್ಲಿ ಬಿದ್ದು ಪುಡಿಯಾಯಿತು. ಚಂದ್ರನ ಮೇಲಿಳಿಯುವ ದುಂಡನೆಯ ಏರಿಸ್ ನೌಕೆಯ ಮಾದರಿಯೊಂದು ಹೇಗೋ ಉಳಿದು, 2015ರಲ್ಲಿ ಹರಾಜಿಗೆ ಬಂದಾಗ ಅಮೆರಿಕದ ಚಲನಚಿತ್ರ ಅಕಾಡೆಮಿ ಅದನ್ನು 3,44,000 ಡಾಲರು ಕೊಟ್ಟು ಕೊಂಡಿತು. ಒಂದೇ ಇದ್ದದ್ದಕ್ಕೆ ಬಂದ ಬೆಲೆ ಅದು.

ಎಳೆದೋಣಿಯವನು ಕಳ್ಳಪ್ರತಿಯನ್ನು ಕಪಾಟಿನಲ್ಲಿ ತನ್ನ ಪ್ರತಿಯ ಪಕ್ಕದಲ್ಲೇ ಇಟ್ಟಿದ್ದಾನೆ. ಬಂದವರಿಗೆ ಎರಡನ್ನೂ ತೋರಿಸಿ, ಯಾವುದು ಯಾವುದೆಂದು ಕೇಳುತ್ತಾನೆ. ಮುಂದಿನ ಚಳಿಗಾಲದ ಸಂತೆಗೆ ಹೊಸದೊಂದು ಯಂತ್ರ ಬೂದುಬಣ್ಣ ತೊಟ್ಟು ಸಿದ್ಧವಾಗಿದೆ. ಸಿಲಿಕೋನ್ ದುಬಾರಿ, ಒಮ್ಮೆ ಗಟ್ಟಿಯಾದದ್ದನ್ನು ಕರಗಿಸಿ ಮತ್ತೆ ಬಳಸುವಂತಿಲ್ಲ. ಆದ್ದರಿಂದ ಹಳೆಯ ಅಚ್ಚನ್ನು ಎಸೆಯದೆ, ಚಾಕುವಿನಿಂದ ಸಕ್ಕರೆಯಚ್ಚಿನಷ್ಟು ದೊಡ್ಡ ತುಂಡುಗಳಾಗಿ ಹೆಚ್ಚಿ, ಹೊಸ ಅಚ್ಚಿನ ಹೊರಬದಿಯಲ್ಲಿ ತುಂಬುವುದು ಈ ಕಸುಬಿನವರ ವಾಡಿಕೆ. ತನಗೆ ತಾನು ಅಂಟಿಕೊಳ್ಳುವ ರಬ್ಬರಾದ್ದರಿಂದ ಹೊಸದು ಹಳೆಯದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆತ ಕಿಟಕಿಯನ್ನು ತೆರೆದು, ಕೈಗವಸು ತೊಟ್ಟು, ಹೆಚ್ಚಲು ಕುಳಿತಿದ್ದಾನೆ. ಒಂದು ತುಂಡಿನಲ್ಲಿ ಎಳೆದೋಣಿಯ ಮೂತಿಯ ಪೊಳ್ಳು ಕಾಣುತ್ತದೆ, ಇನ್ನೊಂದರಲ್ಲಿ ನಾಲ್ಕು ಬೋಲ್ಟಿನ ಗುರುತು.